ಮೂರೂ ಭಾಗ ಓದಿದೆ, ನಿದ್ದೆ ಬಿಟ್ಟು ಇನ್ನೇನೂ ಬರಲಿಲ್ಲ

ಎಲ್ಲರೂ ಹೊಗಳಿದ, ನಿಮಗೆ ಮಾತ್ರ ಹಿಡಿಸದ ಪುಸ್ತಕ ಯಾವುದು ಅಂತ ಹೋದ ಸಲ ಕೇಳಿದ್ದೆ. ಬಂದ ಪತ್ರಗಳಲ್ಲಿ ಒಂದೇ ಪುಸ್ತಕದ ಹೆಸರು ಮತ್ತೆ ಮತ್ತೆ ಬಂತು. ಅದನ್ನು ಬಯ್ದವರೂ ಇದ್ದರು, ಬಯ್ಯುವವರನ್ನು ಬಯ್ದವರೂ ಇದ್ದರು. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಹೋಗಿದೆ. ಹೆಸರು ಹಾಕಬೇಡಿ ಅಂತ ಎಲ್ಲರೂ ಕೇಳಿಕೊಂಡಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಮೇಡಂ, 'ಫಿಫ್ಟಿ ಶೇಡ್ಸ್ ಆಫ್ ಗ್ರೇ' ಅನ್ನೋ ಇಂಗ್ಲಿಷ್ ಶೃಂಗಾರ ಕಾದಂಬರಿ ಮತ್ತು ಅದರ ಮುಂದಿನ ಎರಡು ಭಾಗಗಳನ್ನು ನಾನು ತುಂಬಾ ತಡವಾಗಿ, ಮೊನ್ನೆ ಮೊನ್ನೆ ಓದಿದೆ. ಅದು ಬಂದ ಕಾಲದಲ್ಲಿ ನನಗೆ ಪುರುಸೊತ್ತಿರಲಿಲ್ಲ. ಗೆಳತಿಯರು ಮಾತ್ರ 'ಇನ್ನೂ ಓದಿಲ್ವಾ?' ಅಂತ ಕೇಳಿ ಕೇಳಿ, ಏನೋ ದೊಡ್ಡದು ತಪ್ಪಿಹೋಯಿತು ಅನ್ನೋ ಹಾಗೆ ಮಾಡಿಬಿಟ್ಟಿದ್ದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಫೋನಿನ ಬೆಳಕು ಕಡಿಮೆ ಮಾಡಿಕೊಂಡು ಕಳ್ಳಿಯ ಹಾಗೆ ಶುರು ಮಾಡಿದೆ. ನೂರು ಪುಟ ಆಯಿತು. ಏನೂ ಆಗಲಿಲ್ಲ. ಅಂದರೆ ಪುಸ್ತಕದಲ್ಲಿ ಬೇಕಾದಷ್ಟು ಆಯಿತು, ನನಗೆ ಏನೂ ಆಗಲಿಲ್ಲ. ಆ ಹುಡುಗಿ ತುಟಿ ಕಚ್ಚುತ್ತಾಳೆ, ಅವನು ಕಚ್ಚಬೇಡ ಅನ್ನುತ್ತಾನೆ, ಅವಳು ಮತ್ತೆ ಕಚ್ಚುತ್ತಾಳೆ. ಒಂದು ಹಂತದಲ್ಲಿ ಎಣಿಸೋಕೆ ಶುರು ಮಾಡಿದೆ, ಆಮೇಲೆ ಎಣಿಸೋದೂ ಬೇಜಾರಾಯಿತು. ಅವಳ ಒಳಗೆ ಒಬ್ಬಳು ದೇವತೆ ಬೇರೆ ಇದ್ದಾಳಂತೆ, ಅವಳು ಸಂದರ್ಭಕ್ಕೆ ತಕ್ಕ ಹಾಗೆ ಕುಣಿಯುತ್ತಾಳೆ. ಗೆಳತಿಗೆ ಹೇಳಿದರೆ 'ಎರಡನೇ ಭಾಗದಲ್ಲಿ ಚೆನ್ನಾಗಾಗುತ್ತೆ, ಓದು' ಅಂದಳು. ಓದಿದೆ. 'ಮೂರನೇದು ಓದು' ಅಂದಳು. ಅದೂ ಆಯಿತು. ಕೊನೆಗೆ 'ನಿನಗೆ ಮುಜುಗರ, ಅದಕ್ಕೇ ಹಿಡಿಸಲಿಲ್ಲ' ಅಂತ ನನ್ನ ತಲೆಗೇ ಕಟ್ಟಿದಳು. ಮುಜುಗರವಾದರೂ ಆಗಿದ್ದರೆ ಓದಿದ್ದು ಸಾರ್ಥಕ ಅಂದುಕೊಳ್ಳುತ್ತಿದ್ದೆ ಮೇಡಂ. ನಿದ್ದೆ ಬಂತು. ಈಗ ಹೇಳಿ, ಕೊರತೆ ನನ್ನಲ್ಲಿದೆಯಾ, ಪುಸ್ತಕದಲ್ಲಿದೆಯಾ?

ಉತ್ತರ: ಪುಸ್ತಕದಲ್ಲಿದೆ. ಇಷ್ಟು ಹೇಳಿ ಬಿಟ್ಟರೆ ನಿಮ್ಮ ಗೆಳತಿ ನನ್ನನ್ನೂ ಮುಜುಗರದ ಪಟ್ಟಿಗೆ ಸೇರಿಸುತ್ತಾರೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನೂ ಓದಿದ್ದೇನೆ. ಮೊದಲೆರಡು ಭಾಗ ಪೂರ್ತಿ. ಮೂರನೇದರಲ್ಲಿ ಕಾರು ಬೆನ್ನಟ್ಟುವ ಗಲಾಟೆ ಬಂದ ಮೇಲೆ ಪುಟ ಹಾರಿಸಿದ್ದೇನೆ, ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಈ ಪುಸ್ತಕ ಹುಟ್ಟಿದ ರೀತಿ ಗೊತ್ತಾದರೆ ನಿಮ್ಮ ಬೇಜಾರಿನ ಅರ್ಧ ಕಾರಣ ಅಲ್ಲೇ ಸಿಗುತ್ತದೆ. ಇದನ್ನು ಬರೆದ ಇ. ಎಲ್. ಜೇಮ್ಸ್ ಬ್ರಿಟನ್ನಿನವರು, ಟಿವಿ ಕ್ಷೇತ್ರದಲ್ಲಿ ಕೆಲಸ ಮಾಡಿದವರು. ಅವರಿಗೆ 'ಟ್ವೈಲೈಟ್' ಅನ್ನೋ ರಕ್ತಪಿಶಾಚಿ ಪ್ರೇಮಕಥೆ ಅಂದರೆ ಪ್ರಾಣ. ಅದರ ನಾಯಕ ಎಡ್ವರ್ಡ್, ನಾಯಕಿ ಬೆಲ್ಲಾ ಇಬ್ಬರನ್ನೇ ಎತ್ತಿಕೊಂಡು, 'ಮಾಸ್ಟರ್ ಆಫ್ ದಿ ಯೂನಿವರ್ಸ್' ಅನ್ನೋ ಹೆಸರಲ್ಲಿ ಇಂಟರ್ನೆಟ್ಟಿನಲ್ಲಿ ಕಂತು ಕಂತಾಗಿ ತಮ್ಮದೇ ಕಥೆ ಬರೆದರು. ಅಭಿಮಾನಿಗಳು ಹೀಗೆ ಬರೆಯೋದಕ್ಕೆ ಫ್ಯಾನ್ ಫಿಕ್ಷನ್ ಅಂತಾರೆ. ಪಿಶಾಚಿ ಹೋಗಿ ಕೋಟ್ಯಧಿಪತಿ ಬಂದ, ಕೋರೆಹಲ್ಲು ಹೋಗಿ ಚಾಟಿ ಬಂತು. ಆಮೇಲೆ ಹೆಸರುಗಳನ್ನು ಬದಲಾಯಿಸಿ, 2011ರಲ್ಲಿ ಆಸ್ಟ್ರೇಲಿಯಾದ ಒಂದು ಪುಟ್ಟ ಪ್ರಕಾಶನದಿಂದ ಪುಸ್ತಕವಾಗಿ ಬಂತು. 2012ರಲ್ಲಿ ರಾಂಡಮ್ ಹೌಸ್ ಬಳಗದ ವಿಂಟೇಜ್ ಅದನ್ನು ಕೊಂಡುಕೊಂಡು ಜಗತ್ತಿಗೆಲ್ಲ ಹಂಚಿತು.

ಆ ಕಂತುಗಳ ಮೊದಲ ಓದುಗರನ್ನು ನೆನೆಸಿಕೊಳ್ಳಿ. ಅವರಿಗೆ ಎಡ್ವರ್ಡ್, ಬೆಲ್ಲಾ ಇಬ್ಬರೂ ಮನೆ ಮಕ್ಕಳಷ್ಟು ಪರಿಚಯ. ಅವರನ್ನು ಹೊಸದಾಗಿ ಪ್ರೀತಿಸುವ ಹಾಗೆ ಮಾಡುವ ಕೆಲಸವೇ ಲೇಖಕಿಗೆ ಇರಲಿಲ್ಲ, ಪ್ರೀತಿ ಮೊದಲೇ ತಯಾರಾಗಿ ಕೂತಿತ್ತು. ಮೂಲ ಕಥೆಯಲ್ಲಿ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಏನಾಯಿತು ಅನ್ನೋದಷ್ಟೇ ಅವರಿಗೆ ಬೇಕಿತ್ತು. ನೀವು ಆ ಹಳೇ ಪ್ರೀತಿ ಇಲ್ಲದೆ ನೇರವಾಗಿ ಕೋಣೆಯೊಳಗೇ ಹೋಗಿ ನಿಂತಿರಿ. ಯಾರು ಇವರು, ಇವರು ಏನು ಮಾಡಿಕೊಂಡರೆ ನನಗೇನು ಅಂತ ಅನ್ನಿಸದೆ ಇರುತ್ತದೆಯೇ?

ತುಟಿ ಕಚ್ಚುವ ಕಥೆಯೂ ಅಷ್ಟೇ. ಕಂತಿಗಾಗಿ ಕಾದು ಓದುವವರಿಗೆ ಅದು ಪರಿಚಿತ ಹುಡುಗಿಯ ಒಂದು ಚಿಕ್ಕ ಅಭ್ಯಾಸ, ಬಂದಾಗೆಲ್ಲ ಖುಷಿ. ಒಂದೇ ರಾತ್ರಿ ನೂರು ಪುಟ ಓದುವವರಿಗೆ ಅದು ಕಾಯಿಲೆಯ ಹಾಗೆ ಕಾಣುತ್ತದೆ. ಕಂತಿನ ಬರವಣಿಗೆಯಲ್ಲಿ ಪ್ರತಿ ಸಲವೂ ಏನಾದರೂ ಆಗಲೇಬೇಕು, ಇಲ್ಲದಿದ್ದರೆ ಓದುಗರು ಸಿಟ್ಟಾಗುತ್ತಾರೆ. ಅದನ್ನೇ ಒಟ್ಟು ಹೊಲಿದು ಪುಸ್ತಕ ಮಾಡಿದಾಗ, ಏನಾದರೂ ಆಗುತ್ತಲೇ ಇರುತ್ತದೆ, ಆದರೆ ಯಾವುದೂ ಮುಂದಕ್ಕೆ ಹೋಗುವುದಿಲ್ಲ.

ಇದು ಅರ್ಧ ಕಾರಣ. ಇನ್ನರ್ಧ ನನ್ನ ಪ್ರಕಾರ ದೊಡ್ಡದು.

ಅನಾ ಅನ್ನೋ ಆ ಹುಡುಗಿಗೆ ಏನು ಬೇಕು ಹೇಳಿ? ಆ ಕೋಟ್ಯಧಿಪತಿ ನಾಯಕ ಗ್ರೇಗೆ ಏನು ಬೇಕು ಅನ್ನೋದು ನಮಗೆ ಚೆನ್ನಾಗಿ ಗೊತ್ತು, ಅವನು ಅದನ್ನು ಪಟ್ಟಿ ಮಾಡಿ, ಟೈಪ್ ಮಾಡಿ, ಕರಾರು ಪತ್ರವಾಗಿ ಕೈಗೇ ಕೊಡುತ್ತಾನೆ. ಅವಳಿಗೆ ಬೇಕಾದದ್ದು ಅವನು, ಅಷ್ಟೇ. ಅವನು ಬರುವ ಮುಂಚೆ ಅವಳಿಗೆ ಯಾವ ಆಸೆಯೂ ಇರಲಿಲ್ಲ, ಯಾವ ಹುಡುಗನನ್ನೂ ಸರಿಯಾಗಿ ನೋಡಿದವಳಲ್ಲ, ಕಾಲೇಜಿನ ಕೊನೇ ವರ್ಷದಲ್ಲಿದ್ದರೂ ಸ್ವಂತ ಲ್ಯಾಪ್‌ಟಾಪ್ ಕೂಡ ಇಲ್ಲ, ಅದನ್ನೂ ಅವನೇ ಕಳಿಸಬೇಕು. ಶೃಂಗಾರಕ್ಕೆ ಇಬ್ಬರ ಆಸೆ ಬೇಕು. ಒಬ್ಬರ ಆಸೆ, ಇನ್ನೊಬ್ಬರ ಆಶ್ಚರ್ಯ ಸೇರಿದರೆ ಆಗುವುದು ಪ್ರದರ್ಶನ. ಅವನು ಏನು ಮಾಡಿದರೂ ಇವಳು ಬೆರಗಾಗುತ್ತಾಳೆ, ಆ ಬೆರಗಿಗೆ ಮೂರು ನಾಲ್ಕು ಉದ್ಗಾರಗಳು ಮಾತ್ರ ಇವೆ.

ಆದರೆ ಆ ಕರಾರು ಪತ್ರದ ಭಾಗ ಇದೆಯಲ್ಲ, ಅದನ್ನು ಇನ್ನೊಂದು ಸಲ ತೆಗೆದು ನೋಡಿ. ನನಗೆ ಇಡೀ ಪುಸ್ತಕದಲ್ಲಿ ನಿಜವಾಗಿ ಹಿಡಿಸಿದ್ದು ಅದೊಂದೇ. ಅವಳು ಏನು ತಿನ್ನಬೇಕು, ಎಷ್ಟು ನಿದ್ದೆ ಮಾಡಬೇಕು, ಏನು ಉಡಬೇಕು ಎಲ್ಲವೂ ಅದರಲ್ಲಿದೆ. ಊಟಗಳ ನಡುವೆ ಹಣ್ಣು ಬಿಟ್ಟು ಏನೂ ತಿನ್ನುವ ಹಾಗಿಲ್ಲ. ವಾರಕ್ಕೆ ನಾಲ್ಕು ದಿನ ವ್ಯಾಯಾಮ. ಅವಳು ಕೂತು ಒಂದೊಂದೇ ಸಾಲಿಗೆ ತಕರಾರು ತೆಗೆಯುತ್ತಾಳೆ. ನಾಲ್ಕು ದಿನ ಆಗಲ್ಲ, ಮೂರು ಅನ್ನುತ್ತಾಳೆ. ನಿನ್ನ ಊಟದ ಪಟ್ಟಿ ನನಗೆ ಬೇಡ ಅನ್ನುತ್ತಾಳೆ. ಅಲ್ಲಿ ಪುಸ್ತಕಕ್ಕೆ ಜೀವ ಬರುತ್ತದೆ! ಯಾಕೆಂದರೆ ಅಲ್ಲಿ ಇಬ್ಬರಿದ್ದಾರೆ. ಒಬ್ಬ ಕೇಳುತ್ತಾನೆ, ಒಬ್ಬಳು ಚೌಕಾಸಿ ಮಾಡುತ್ತಾಳೆ, ಯಾರು ಎಷ್ಟು ಬಿಟ್ಟುಕೊಡುತ್ತಾರೆ ಅನ್ನೋ ಕುತೂಹಲ ಇದೆ. ಅವರಿಬ್ಬರ ಈಮೇಲುಗಳೂ ಹಾಗೇ, ಕೆಳಗೆ ಹಾಕುವ ಸಹಿಯನ್ನೇ ಕೀಟಲೆಗೆ ಬಳಸಿಕೊಂಡು ಒಬ್ಬರ ಕಾಲು ಒಬ್ಬರು ಎಳೆಯುತ್ತಾರೆ. ಬಟ್ಟೆ ಮೈಮೇಲೆ ಇರುವ ತನಕ ಇವರು ಚೆನ್ನಾಗಿಯೇ ಇದ್ದಾರೆ. ಕೋಣೆಯೊಳಗೆ ಹೋದ ತಕ್ಷಣ ಬರವಣಿಗೆ ಕೈಪಿಡಿಯಾಗುತ್ತದೆ. ಎಡಗೈ ಇಲ್ಲಿ, ಬಲಗೈ ಅಲ್ಲಿ, ಮುಂದಿನ ಹಂತಕ್ಕೆ ಹೋಗಿ.

(ರಾತ್ರಿ ಚೆನ್ನಾಗಿ ನಿದ್ದೆ ಮಾಡಬೇಕು ಅನ್ನೋ ಶರತ್ತನ್ನು ನೀವಾದರೂ ಪಾಲಿಸಿದ್ದೀರಿ, ಗ್ರೇ ಮೆಚ್ಚಿಕೊಳ್ಳುತ್ತಿದ್ದ.)

ಇದಕ್ಕೆ ಹಳೆಯ ಕಥೆಯೊಂದಿದೆ. ಅನಾಯಿಸ್ ನಿನ್ ಅನ್ನೋ ಲೇಖಕಿ 1940ರ ದಶಕದಲ್ಲಿ ದುಡ್ಡಿಗೆ ಕಷ್ಟವಿದ್ದಾಗ, ಒಬ್ಬ ಸಂಗ್ರಾಹಕನಿಗಾಗಿ ಪುಟಕ್ಕೆ ಒಂದು ಡಾಲರ್ ಲೆಕ್ಕದಲ್ಲಿ ಇಂಥ ಕಥೆಗಳನ್ನು ಬರೆದುಕೊಟ್ಟರು. ಅವನದು ಒಂದೇ ದೂರು, ಕವಿತ್ವ ಬಿಡಿ, ನೇರ ವಿಷಯಕ್ಕೆ ಬನ್ನಿ. ಅವರಿಗೆ ಕೊನೆಗೆ ರೇಗಿಹೋಯಿತು. ಭಾವನೆ ತೆಗೆದು ಬರೀ ಕ್ರಿಯೆ ಇಟ್ಟರೆ ಇದು ಯಂತ್ರದ ಕೆಲಸವಾಗುತ್ತದೆ, ಇದರ ಶಕ್ತಿಯೇ ಹೋಗುತ್ತದೆ ಅಂತ ಅವನಿಗೆ ಒಂದು ಪತ್ರವನ್ನೇ ಬರೆದಿಟ್ಟರು. ಆ ಕಥೆಗಳು ಅವರು ತೀರಿಕೊಂಡ ವರ್ಷ, 1977ರಲ್ಲಿ, ಪುಸ್ತಕವಾದವು. ನಿಮ್ಮ ದೂರು ಆ ಸಂಗ್ರಾಹಕನ ದೂರಿಗೆ ಪೂರ್ತಿ ಉಲ್ಟಾ, ನಿಮಗೆ ಕಮ್ಮಿ ಬಿದ್ದದ್ದು ಆ ಕವಿತ್ವವೇ. ಇದನ್ನು ಮುಜುಗರ ಅಂತ ಯಾರಾದರೂ ಕರೆಯುತ್ತಾರಾ?

ನಮ್ಮ ಹಳಬರು ಶೃಂಗಾರವನ್ನು ಎರಡು ಪಾಲು ಮಾಡಿದ್ದರು. ಕೂಡಿರುವಾಗಿನದು ಸಂಭೋಗ, ಅಗಲಿರುವಾಗಿನದು ವಿಪ್ರಲಂಭ. ಕವಿಗಳು ಎರಡನೆಯದರ ಮೇಲೆ ಜಾಸ್ತಿ ಕೈ ಓಡಿಸುತ್ತಿದ್ದರು, ಯಾಕೆಂದರೆ ಕಾಯುವುದರಲ್ಲೇ ರುಚಿ ಇರುವುದು ಅಂತ ಅವರಿಗೆ ಗೊತ್ತಿತ್ತು. ಇಲ್ಲಿ ನೋಡಿ. ಮೊದಲ ಭಾಗದ ಕೊನೆಯಲ್ಲಿ ಅವನು ಬೆಲ್ಟಿನಲ್ಲಿ ಆರು ಏಟು ಹೊಡೆಯುತ್ತಾನೆ, ಅವಳು 'ಸಾಕು' ಅಂತ ಎದ್ದು ಹೊರಟೇಹೋಗುತ್ತಾಳೆ. ನನಗೆ ಮೈ ಜುಮ್ಮೆಂದಿತು, ನಿಜಕ್ಕೂ. ಅಬ್ಬಾ, ಈಗ ಶುರುವಾಯಿತು ಕಥೆ ಅಂದುಕೊಂಡೆ. ಎರಡನೇ ಭಾಗ ತೆಗೆದರೆ ಒಂದು ವಾರವೂ ಕಳೆದಿಲ್ಲ, ಇಬ್ಬರೂ ಮತ್ತೆ ಒಂದೇ ಕಾರಿನಲ್ಲಿ. ಅಷ್ಟು ದೊಡ್ಡ ಪುಸ್ತಕದಲ್ಲಿ ವಿರಹಕ್ಕೆ ಒಂದು ವಾರದ ರಜೆಯೂ ಸಿಗಲಿಲ್ಲ ಅಂದರೆ ಹೇಗೆ?

ಅಲ್ಲಿಂದ ಮುಂದೆ ಅಪಾಯ ಅನ್ನೋದೇ ಇಲ್ಲ. ಹೊಸ ಹೊಸ ಖಳರು ಬರುತ್ತಾರೆ, ಗ್ರೇಯ ಸ್ವಂತ ಹೆಲಿಕಾಪ್ಟರ್ ಬೀಳುತ್ತದೆ, ಅಪಹರಣ ಆಗುತ್ತದೆ. ಒಳಗೆ ಏನೂ ಉಳಿಯದಿದ್ದಾಗ ಹೊರಗಿನಿಂದ ತಂದು ತುಂಬಿದ್ದು ಅದು. ನಿಮ್ಮ ಗೆಳತಿ ಮುಂದಿನ ಭಾಗದಲ್ಲಿ ಚೆನ್ನಾಗಾಗುತ್ತೆ ಅಂದದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ, ಅವರಿಗೆ ಆಗಿರಬಹುದು. ನನಗೆ ಆಗಲಿಲ್ಲ.

ಪ್ರಶ್ನೆ: ಅಷ್ಟು ಕೆಟ್ಟದಾಗಿದ್ದರೆ ಕೋಟಿಗಟ್ಟಲೆ ಪ್ರತಿ ಹೋದದ್ದು ಹೇಗೆ? ಕೊಂಡವರೆಲ್ಲ ದಡ್ಡರಾ?

ಉತ್ತರ: ದಡ್ಡರಲ್ಲ, ಕುತೂಹಲದವರು. ನಾನೂ ಕೊಂಡಿದ್ದೇನೆ, ಆ ಲೆಕ್ಕದಲ್ಲಿ ನನ್ನದೂ ಸೇರಿದೆ. 2014ರ ಹೊತ್ತಿಗೆ ಮೂರೂ ಭಾಗ ಸೇರಿ 10 ಕೋಟಿ ಪ್ರತಿ ದಾಟಿತ್ತು. ಆದರೆ ಅದು ಕೊಂಡವರ ಲೆಕ್ಕ ಮಾತ್ರ. ಎಷ್ಟು ಜನ ಮುಗಿಸಿದರು, ಎಷ್ಟು ಜನ ಅರ್ಧಕ್ಕೆ ಇಟ್ಟರು ಅನ್ನೋದಕ್ಕೆ ಯಾರೂ ರಸೀದಿ ಕೊಡುವುದಿಲ್ಲ.

ಕಾಲ ಕೂಡಿಬಂದದ್ದೂ ಒಂದು ಕಾರಣ. ಆಗಷ್ಟೇ ಇ-ರೀಡರ್‌ಗಳು ಜನರ ಕೈಗೆ ಬರುತ್ತಿದ್ದವು. ಅದರಲ್ಲಿ ಮುಖಪುಟ ಹೊರಗೆ ಕಾಣುವುದಿಲ್ಲ, ರೈಲಿನಲ್ಲಿ ಪಕ್ಕದವರಿಗೆ ನೀವು ಏನು ಓದುತ್ತಿದ್ದೀರಿ ಅಂತ ಗೊತ್ತಾಗುವುದಿಲ್ಲ. ಅಂಗಡಿಗೆ ಹೋಗಿ ಕೇಳಬೇಕಾಗಿಲ್ಲ, ರಾತ್ರಿ ಹನ್ನೊಂದಕ್ಕೆ ಮಂಚದ ಮೇಲೇ ಕೂತು ಕೊಂಡುಕೊಳ್ಳಬಹುದು. ಆಮೇಲೆ ಅಚ್ಚಾದ ಪ್ರತಿಯ ಮುಖಪುಟ ನೆನಪಿದೆಯಾ? ಬೂದು ಬಣ್ಣದ ಒಂದು ಟೈ. ಅಷ್ಟೇ. ಅಲ್ಲಿಯ ತನಕ ಇಂಥ ಪುಸ್ತಕ ಅಂದರೆ ಅಂಗಿ ಗುಂಡಿ ಬಿಚ್ಚಿದ ಗಂಡಸು, ಅವನ ತೋಳಿನಲ್ಲಿ ಹಿಂದಕ್ಕೆ ಬಾಗಿದ ಹೆಂಗಸು, ಅದೇ ಚಿತ್ರ. ಟೈ ಇರುವ ಪುಸ್ತಕವನ್ನು ಆಫೀಸಿನ ಮೇಜಿನ ಮೇಲೂ ಇಡಬಹುದಿತ್ತು. ಆ ಮುಖಪುಟ ಆರಿಸಿದವರ ಬುದ್ಧಿಗೆ ಕೈ ಮುಗಿಯಬೇಕು.

ಮೇಲಿಂದ ಗದ್ದಲ. 2012ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಬ್ರೆವಾರ್ಡ್ ಕೌಂಟಿಯ ಸಾರ್ವಜನಿಕ ಗ್ರಂಥಾಲಯಗಳು ಈ ಪುಸ್ತಕವನ್ನು ಕಪಾಟಿನಿಂದ ತೆಗೆದವು, ಜನ ತಿರುಗಿಬಿದ್ದ ಮೇಲೆ ವಾಪಸ್ ಇಟ್ಟವು. ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕಾ? ಇದು ಹೊಸದೇನೂ ಅಲ್ಲ. 'ಲೇಡಿ ಚಾಟರ್ಲಿಯ ಪ್ರೇಮಿ' ಕಾದಂಬರಿ ಅಶ್ಲೀಲ ಅಂತ 1960ರಲ್ಲಿ ಲಂಡನ್ನಿನಲ್ಲಿ ಪೆಂಗ್ವಿನ್ ಪ್ರಕಾಶನದ ಮೇಲೆ ಕೇಸು ನಡೆಯಿತು. ನಿಮ್ಮ ಹೆಂಡತಿ, ನಿಮ್ಮ ಮನೆಯಾಳುಗಳು ಓದಲಿ ಅಂತ ಬಯಸುವ ಪುಸ್ತಕವೇ ಇದು ಅಂತ ಸರ್ಕಾರಿ ವಕೀಲರು ಜ್ಯೂರಿಯನ್ನು ಕೇಳಿದರು. ಜ್ಯೂರಿ ಪೆಂಗ್ವಿನ್ ಪರ ತೀರ್ಪು ಕೊಟ್ಟಿತು. ಮಾರಾಟಕ್ಕೆ ಬಂದ ಮೊದಲ ದಿನವೇ 2 ಲಕ್ಷ ಪ್ರತಿ ಖಾಲಿ. ಆ ಜನರೆಲ್ಲ ಡಿ. ಎಚ್. ಲಾರೆನ್ಸ್ ಅವರ ಗದ್ಯ ಮೆಚ್ಚಿ ಸಾಲು ನಿಂತಿದ್ದರು ಅಂತ ನನಗೇನೂ ಅನ್ನಿಸುವುದಿಲ್ಲ.

ಒಂದು ಹಂತ ದಾಟಿದ ಮೇಲೆ ಜನ ಪುಸ್ತಕವನ್ನು ಕೊಳ್ಳುವುದಿಲ್ಲ, ಮಾತಿನಲ್ಲಿ ಜಾಗ ಕೊಳ್ಳುತ್ತಾರೆ. ಎಲ್ಲರೂ ನಗುತ್ತಿರುವ ಜೋಕು ನನಗೂ ಅರ್ಥವಾಗಲಿ ಅಂತ. ರಾಂಡಮ್ ಹೌಸ್ 2012ರ ಕೊನೆಗೆ ಅಮೆರಿಕದ ತನ್ನ ಸಿಬ್ಬಂದಿಗೆ ತಲಾ 5,000 ಡಾಲರ್ ಬೋನಸ್ ಕೊಟ್ಟಿತು, ಗೋದಾಮಿನಲ್ಲಿ ಕೆಲಸ ಮಾಡುವವರಿಗೂ ಸೇರಿಸಿ. ಈ ಪುಸ್ತಕದಿಂದ ಖಂಡಿತವಾಗಿ ಸುಖ ಪಟ್ಟವರು ಅಂತ ನಾನು ಆಣೆ ಮಾಡಿ ಹೇಳಬಲ್ಲವರು ಅವರು.

ಪ್ರಶ್ನೆ: ನಿಮ್ಮಂಥವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಗಂಡಸರು ಓದುವ ಗೂಢಚಾರಿ ಕಾದಂಬರಿಗಳಲ್ಲಿ ಪುಟಕ್ಕೊಬ್ಬಳು ಹೆಂಗಸು ಹಾಸಿಗೆಗೆ ಬರುತ್ತಾಳೆ, ಭಾಷೆ ಅದಕ್ಕಿಂತ ಕೆಟ್ಟದಾಗಿರುತ್ತದೆ, ಯಾರೂ ತಮಾಷೆ ಮಾಡುವುದಿಲ್ಲ. ಹೆಂಗಸರು ಖುಷಿಯಿಂದ ಒಂದು ಪುಸ್ತಕ ಓದಿದರೆ ಮಾತ್ರ ಎಲ್ಲರೂ ವಿಮರ್ಶಕರಾಗಿಬಿಡುತ್ತಾರೆ. ನನಗೆ ಈ ಸರಣಿ ಇಷ್ಟ. ಮೂರು ಸಲ ಓದಿದ್ದೇನೆ.

ಉತ್ತರ: ಕೋಪ ನ್ಯಾಯವಾದದ್ದೇ. ಈ ಪುಸ್ತಕ ಬಂದಾಗ ಪತ್ರಿಕೆಗಳು ಇದಕ್ಕೆ 'ಮಮ್ಮಿ ಪೋರ್ನ್' ಅಂತ ಅಡ್ಡಹೆಸರಿಟ್ಟವು. ಅಮ್ಮಂದಿರಿಗೂ ಇಂಥ ಆಸೆ ಇರುತ್ತದೆಯೇ ಅನ್ನೋ ಕಿಸಿಕಿಸಿ ಆ ಹೆಸರಿನಲ್ಲೇ ಇದೆ. ಗಂಡಸರ ಪುಸ್ತಕಗಳಿಗೆ 'ಡ್ಯಾಡಿ' ಅಂತ ಸೇರಿಸಿ ಯಾರೂ ಹೆಸರಿಡಲಿಲ್ಲ. ನಕ್ಕವರಲ್ಲಿ ಎಷ್ಟೋ ಜನ ಒಂದು ಪುಟವೂ ಓದಿರಲಿಲ್ಲ, ಅದೂ ಗೊತ್ತು.

ಇನ್ನೊಂದೂ ಒಪ್ಪುತ್ತೇನೆ. ಈ ಪುಸ್ತಕದ ನೆಪದಲ್ಲಿ ಎಷ್ಟೋ ಹೆಂಗಸರು ಮೊದಲ ಸಲ ತಮ್ಮ ತಮ್ಮಲ್ಲೇ ಈ ವಿಷಯ ಮಾತಾಡಿದರು. ಬೇರೆ ಯಾವ ದೊಡ್ಡ ಲೇಖಕರೂ ಅದನ್ನು ಆ ಪ್ರಮಾಣದಲ್ಲಿ ಮಾಡಿಸಲಿಲ್ಲ. ಮೂರು ಸಲ ಓದಿದ ನಿಮಗೆ ಅದರಲ್ಲಿ ಏನೋ ಸಿಕ್ಕಿದೆ. ಅದನ್ನು ಇಲ್ಲ ಅನ್ನೋಕೆ ನಾನ್ಯಾರು?

ಆದರೆ ಒಂದು ಮಾತು. ಹೆಂಗಸರ ಸುಖಕ್ಕಾಗಿ ಬರೆದದ್ದು ಅನ್ನೋ ಕಾರಣಕ್ಕೆ ಅದನ್ನು ಬಿಟ್ಟುಬಿಡಿ, ಹೋಗಲಿ ಪಾಪ ಅನ್ನೋದು ನನಗೆ ಸರಿ ಕಾಣುವುದಿಲ್ಲ. ನಮಗೋಸ್ಕರ ಬರೆದದ್ದಾದರೆ ನಾವೇ ಜಾಸ್ತಿ ಕೇಳಬೇಕು ಅಲ್ವಾ? ಅನಾಳಿಗೆ ಒಂದು ಸ್ವಂತ ಆಸೆ ಕೊಡಿ, ಅವಳ ಬಾಯಿಗೆ ಐದನೇ ಉದ್ಗಾರ ಕೊಡಿ ಅಂತ. ಮೊದಲ ಪತ್ರ ಬರೆದವರೂ ಹೆಂಗಸೇ. ಅವರು ತಮಾಷೆ ಮಾಡಲು ಓದಿದವರಲ್ಲ, ಆಸೆಪಟ್ಟು ಓದಿ ಮೋಸ ಹೋದವರು. ನೀವಿಬ್ಬರೂ ಒಂದು ಸಂಜೆ ಕೂತು ಜಗಳವಾಡಿದರೆ ನಾನು ಅಲ್ಲಿ ಮೂಲೆಯಲ್ಲಿ ಕೂತು ಕೇಳುತ್ತೇನೆ.

ಪ್ರಶ್ನೆ: ನನ್ನ ತಂಗಿ ಈ ಸರಣಿ ಓದಿ 'ಇಂಥವನು ಸಿಗಬೇಕು' ಅನ್ನುತ್ತಾಳೆ. ನನಗೆ ಅವನು ಪ್ರೇಮಿಗಿಂತ ಜೈಲರ್ ಅನ್ನಿಸಿದ. ನಾನು ಸುಮ್ನೆ ಜಾಸ್ತಿ ಯೋಚಿಸುತ್ತಿದ್ದೇನಾ?

ಉತ್ತರ: ಇಲ್ಲ. ಅವನು ಏನೇನು ಮಾಡುತ್ತಾನೆ ಅಂತ ಹೆಲಿಕಾಪ್ಟರ್ ಪಕ್ಕಕ್ಕಿಟ್ಟು ನೋಡಿ. ಅವಳ ಫೋನಿನ ಜಾಡು ಹಿಡಿದು ಅವಳಿರುವ ಕಡೆ ಬಂದು ನಿಲ್ಲುತ್ತಾನೆ. ಅವಳ ಹಳೇ ಕಾರನ್ನು ಅವಳನ್ನು ಕೇಳದೆ ಮಾರಿಸಿ ಹೊಸದು ಕೊಡುತ್ತಾನೆ. ಅವಳು ಒಂದು ಕೆಲಸಕ್ಕೆ ಸೇರಿದರೆ ಆ ಕಂಪನಿಯನ್ನೇ ಕೊಂಡುಕೊಳ್ಳುತ್ತಾನೆ. ತಮಾಷೆಗೆ 'ನಿನ್ನ ಪರಿಚಯವಾದದ್ದು ಸಂತೋಷ' ಅಂತ ವಿದಾಯದ ಧಾಟಿಯಲ್ಲಿ ಒಂದು ಈಮೇಲ್ ಹಾಕಿದರೆ ಮನೆಯೊಳಗೇ ಬಂದು ನಿಂತಿರುತ್ತಾನೆ. ಇದೇ ಕೆಲಸಗಳನ್ನು ಬಾಡಿಗೆ ರೂಮಿನಲ್ಲಿರುವ ಒಬ್ಬ ಸಾಮಾನ್ಯ ಹುಡುಗ ಮಾಡಿದರೆ ನಿಮ್ಮ ತಂಗಿ ಏನನ್ನುತ್ತಾಳೆ ಕೇಳಿ ನೋಡಿ. ದುಡ್ಡು ತೆಗೆದರೆ ಉಳಿಯುವುದು ಪೊಲೀಸ್ ದೂರು.

ಇನ್ನೊಂದು ತಮಾಷೆ ಅಂದರೆ, ಪುಸ್ತಕದಲ್ಲಿರುವ ಆ ಕಟ್ಟುವ, ಹೊಡೆಯುವ ಆಟಗಳಿವೆಯಲ್ಲ, ಬಿಡಿಎಸ್ಎಂ ಅಂತಾರೆ, ನಿಜ ಜೀವನದಲ್ಲಿ ಅದನ್ನು ಇಷ್ಟಪಡುವವರೇ ಈ ಪುಸ್ತಕದ ಮೇಲೆ ತುಂಬಾ ಸಿಟ್ಟಾದರು. ಅವರು ಹೇಳುವುದು ಇಷ್ಟು. ನಮ್ಮಲ್ಲಿ ಎಲ್ಲಕ್ಕಿಂತ ಮೊದಲು ಒಪ್ಪಿಗೆ. ಮೊದಲೇ ಮಾತಾಡಿಕೊಳ್ಳುತ್ತೇವೆ, ಸಾಕು ಅನ್ನೋಕೆ ಒಂದು ಗುರುತಿನ ಮಾತು ಇಟ್ಟುಕೊಂಡಿರುತ್ತೇವೆ, ಮುಗಿದ ಮೇಲೆ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತೇವೆ. ಇವನು ಆ ಕೋಣೆಯ ಹೊರಗೂ ಹಿಡಿತ ಬಿಡುವುದಿಲ್ಲ. ಅವಳು ಕರಾರಿಗೆ ಸಹಿಯನ್ನೇ ಹಾಕಿಲ್ಲ. ಅದರ ಜೊತೆಗೆ, ಅವನಿಗೆ ಈ ಆಸೆ ಬಂದದ್ದೇ ಬಾಲ್ಯದ ಗಾಯದಿಂದ, ಒಳ್ಳೆ ಹುಡುಗಿಯ ಪ್ರೀತಿ ಸಿಕ್ಕರೆ ವಾಸಿಯಾಗುತ್ತದೆ ಅಂತ ಕಥೆ ಹೇಳುತ್ತದೆ. ಇದನ್ನು ಕೇಳಿ ಅವರಿಗೆ ಅವಮಾನವಾಗದೆ ಇರುತ್ತದಾ? ಬಂಡಾಯದ ಪುಸ್ತಕ ಅಂತ ಮಾರಿದ್ದು, ಒಳಗೆ ನೋಡಿದರೆ ಮದುವೆ, ಮಕ್ಕಳು, ದೊಡ್ಡ ಮನೆ.

ತಂಗಿಗೆ ಉಪದೇಶ ಮಾಡಬೇಡಿ, ಕೇಳುವುದಿಲ್ಲ. ಕಲ್ಪನೆಯಲ್ಲಿ ಇಂಥವನು ಬೇಕು ಅನ್ನಿಸುವುದು ತಪ್ಪೂ ಅಲ್ಲ, ಅಲ್ಲಿ ಪುಸ್ತಕ ಮುಚ್ಚುವ ಹಕ್ಕು ಓದುವವಳ ಕೈಯಲ್ಲೇ ಇರುತ್ತದೆ. ನಿಜವಾಗಿ ಯಾರಾದರೂ ಅವಳ ಫೋನ್ ನೋಡಲು, ಎಲ್ಲಿದ್ದೀಯ ಯಾರ ಜೊತೆ ಇದ್ದೀಯ ಅಂತ ಗಂಟೆಗೊಮ್ಮೆ ಕೇಳಲು ಶುರು ಮಾಡಿದರೆ ಆಗ ನೀವು ಪಕ್ಕದಲ್ಲಿರಿ. ಆ ದಿನ ಅವಳು ನಿಮಗೆ ಹೇಳಬೇಕಾದರೆ ಇವತ್ತು ನೀವು ಅವಳನ್ನು ಹೀಯಾಳಿಸಬಾರದು.

ಪ್ರಶ್ನೆ: ನನ್ನ ಹೆಂಡತಿ ಈ ಪುಸ್ತಕ ಓದುತ್ತಿದ್ದಾಳೆ. ನಾನು ಕದ್ದು ನಲವತ್ತು ಪುಟ ಓದಿದೆ. ನನ್ನ ಹತ್ತಿರ ಹೆಲಿಕಾಪ್ಟರ್ ಇಲ್ಲ. ಏನು ಮಾಡಲಿ?

ಉತ್ತರ: ಕದ್ದು ಓದೋದು ನಿಲ್ಲಿಸಿ, ಅವರನ್ನೇ ಕೇಳಿ. 'ಎಲ್ಲಿಯ ತನಕ ಬಂತು, ಹೇಗಿದೆ?' ಅಂತ. ನಿಮ್ಮ ಹೆಂಡತಿ ಕೂಡ ತುಟಿ ಕಚ್ಚುವುದನ್ನು ಎಣಿಸುತ್ತಾ ನಗುತ್ತಿರಬಹುದು. ಇಲ್ಲ, ನಿಜವಾಗಿ ಇಷ್ಟವಾಗಿದೆ ಅಂದರೆ ಯಾವ ಪುಟ ಅಂತ ಕೇಳಿ. ಪುಟ ತೋರಿಸಿದರೆ ಅದು ನಿಮ್ಮ ಅದೃಷ್ಟ. ಇಡೀ ಸರಣಿಯಲ್ಲಿ ಗ್ರೇ ಕೇಳದೇ ಇರುವ ಪ್ರಶ್ನೆಗಳನ್ನು ನೀವು ಕೇಳಿದ ಹಾಗಾಯಿತು.

ಪ್ರಶ್ನೆ: ಈಗ ಬುಕ್‌ಟಾಕ್‌ನಲ್ಲಿ, ಅಂದರೆ ಟಿಕ್‌ಟಾಕ್‌ನಲ್ಲಿ ಪುಸ್ತಕಗಳ ಬಗ್ಗೆ ವಿಡಿಯೋ ಹಾಕುವವರ ಬಳಗದಲ್ಲಿ, ಮತ್ತೆ ಅದೇ ಹುಚ್ಚು. ಹಾಸಿಗೆಯ ದೃಶ್ಯಗಳು ಎಷ್ಟು ಖಾರ ಅಂತ ತೋರಿಸೋಕೆ ಪುಸ್ತಕಕ್ಕೆ ಎಷ್ಟು ಮೆಣಸಿನಕಾಯಿ ಅಂತ ಗುರುತು ಹಾಕುತ್ತಾರೆ. ಒಂದು ಸಲ ಮೋಸ ಹೋಗಿದ್ದೇನೆ. ಕೊಳ್ಳುವ ಮುಂಚೆ ಗೊತ್ತು ಮಾಡಿಕೊಳ್ಳೋದು ಹೇಗೆ?

ಉತ್ತರ: ಮೆಣಸಿನಕಾಯಿ ಎಷ್ಟು ಅಂತ ಹೇಳುತ್ತಾರೆ, ಉಪ್ಪು ಇದೆಯಾ ಅಂತ ಹೇಳುವುದಿಲ್ಲ. ನಾನು ಮಾಡುವುದು ಹೀಗೆ. ಇ-ಪುಸ್ತಕವಾದರೆ ಮೊದಲ ಕೆಲವು ಪುಟ ಪುಕ್ಕಟೆ ಓದಲು ಸಿಗುತ್ತದೆ. ಅದರಲ್ಲಿ ನಾಯಕ ನಾಯಕಿ ಬರೀ ಮಾತಾಡುವ ಪುಟ ಹುಡುಕುತ್ತೇನೆ, ಜಗಳವಾಡುವ ಪುಟ ಸಿಕ್ಕರೆ ಇನ್ನೂ ಒಳ್ಳೆಯದು. ಯಾರು ಹೇಳಿದ ಮಾತು ಯಾವುದು ಅಂತ ಹೆಸರು ಮುಚ್ಚಿದರೂ ಗೊತ್ತಾಗಬೇಕು. ಇಬ್ಬರೂ ಒಂದೇ ಥರ ಮಾತಾಡಿದರೆ ಹಾಸಿಗೆಯಲ್ಲೂ ಒಂದೇ ಥರ ಇರುತ್ತಾರೆ. ಆಮೇಲೆ ನಾಯಕಿಯನ್ನು ನೋಡುತ್ತೇನೆ, ಅವನು ಪ್ರವೇಶ ಮಾಡುವ ಮುಂಚೆ ಅವಳು ಏನು ಮಾಡುತ್ತಿದ್ದಳು, ಅವನು ಬರದೇ ಇದ್ದರೂ ಅವಳಿಗೆ ಮರುದಿನ ಏನಾದರೂ ಕೆಲಸ ಇತ್ತಾ? ಇದ್ದರೆ ಕೊಳ್ಳುತ್ತೇನೆ.

ಮತ್ತೆ, ಸರಣಿ ಪೂರ್ತಿ ಒಂದೇ ಸಲ ಕೊಳ್ಳಬೇಡಿ. ಗ್ರೇ ಕಥೆ ಮೂರಕ್ಕೆ ಮುಗಿಯಲೂ ಇಲ್ಲ. 2015ರಲ್ಲಿ ಅದೇ ಕಥೆಯನ್ನು ಅವನ ಬಾಯಲ್ಲಿ ಹೇಳಿಸಿ 'ಗ್ರೇ' ಅಂತ ಬಂತು, 2017ರಲ್ಲಿ ಎರಡನೇದು, 2021ರಲ್ಲಿ ಮೂರನೇದು. ಅವನ ತಲೆಯೊಳಗೆ ಏನಿತ್ತು ಅಂತ ನಾವು ಕಷ್ಟಪಟ್ಟು ಊಹಿಸಿಕೊಂಡಿದ್ದೆವು. ನಮ್ಮ ಊಹೆಯೇ ಚೆನ್ನಾಗಿತ್ತು.

ಪ್ರಶ್ನೆ: ಮೂರೂ ಭಾಗದ ಅಚ್ಚಾದ ಪ್ರತಿ ನನ್ನ ಹತ್ತಿರ ಇದೆ. ಮತ್ತೆ ಓದುವುದಿಲ್ಲ. ಯಾರಿಗಾದರೂ ಕೊಡೋಣ ಅಂದರೆ ನಾಚಿಕೆ, ಎಸೆಯೋಕೆ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ನಾಚಿಕೆ ಬಿಡಿ, ನಿಮ್ಮ ಹಾಗೆ ಬೇಕಾದಷ್ಟು ಜನ ಇದ್ದಾರೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಸ್ವಾನ್ಸಿ ಅಂತ ಊರಿದೆ. ಅಲ್ಲಿ ಆಕ್ಸ್‌ಫಾಮ್ ಸಂಸ್ಥೆಯ ಅಂಗಡಿ, ಜನ ದಾನ ಕೊಟ್ಟ ಹಳೇ ವಸ್ತುಗಳನ್ನು ಮಾರಿ ಬಂದ ದುಡ್ಡನ್ನು ಒಳ್ಳೆ ಕೆಲಸಕ್ಕೆ ಬಳಸುವಂಥದ್ದು. 2016ರ ಹೊತ್ತಿಗೆ ಈ ಪುಸ್ತಕ ಅಲ್ಲಿಗೆ ಎಷ್ಟು ಬಂದು ಬಿತ್ತು ಅಂದರೆ, ಅಂಗಡಿಯವರು ಆ ಪ್ರತಿಗಳನ್ನೆಲ್ಲ ಇಟ್ಟಿಗೆಯ ಹಾಗೆ ಒಂದರ ಮೇಲೊಂದು ಜೋಡಿಸಿ ಕೋಟೆ ಕಟ್ಟಿದರು. ಮೇಲೆ ಒಂದು ಚೀಟಿ ಅಂಟಿಸಿದರು, ದಯವಿಟ್ಟು ಇದನ್ನು ಕಡಿಮೆ ಕೊಡಿ, ಅರವತ್ತು ಎಪ್ಪತ್ತರ ದಶಕದ ಹಳೇ ಗ್ರಾಮಫೋನ್ ತಟ್ಟೆಗಳಿದ್ದರೆ ಜಾಸ್ತಿ ಕೊಡಿ ಅಂತ. ನಿಮ್ಮ ಹತ್ತಿರ ಮೂರೇ ಇವೆ, ಕೋಟೆಗೆ ಸಾಲುವುದಿಲ್ಲ. ನನ್ನವು ಮೂರು ಇವೆ, ಬೇಕಾದರೆ ಕಳಿಸುತ್ತೇನೆ.